ಹತ್ತು ನಿಮಿಷಕ್ಕೊಂದು ಗೀಟು

ನವೆಂಬರ್ 3, ಸೋಮವಾರ

ನಲವತ್ತು ವರ್ಷ ಲಾಗ್‌ಬುಕ್ ಬರೆದ ಕೈ ಇದು. ಒತ್ತಡ ಎಷ್ಟು, ಉಷ್ಣತೆ ಎಷ್ಟು, ಯಾರು ಬಂದರು, ಯಾರು ಹೋದರು, ಅದರಲ್ಲಿ ಬರೆಯುವುದು ಇಷ್ಟೇ. ಹೊಟ್ಟೆ ಉರಿಯುತ್ತಿದೆ ಎಂದು ಬರೆಯಲು ಅದರಲ್ಲಿ ಜಾಗ ಇಲ್ಲ. ಅದಕ್ಕೇ ಇವತ್ತು ಅಂಗಡಿಯಿಂದ ಈ ನೋಟ್‌ಬುಕ್ ತಂದೆ. ಬರೆದದ್ದನ್ನು ತಿರುಗಿ ಓದುವ ಚಾಳಿ ನನಗಿಲ್ಲ. ಬರೆದೆ, ಸಹಿ ಹಾಕಿದೆ, ಮುಗಿಯಿತು.

ಇವತ್ತು ಕೊನೆಯ ಚಳಿಗಾಲದ ಮೊದಲ ಶಿಫ್ಟ್. ನಾನು ಸೇರಿದಾಗ ಈ ಸ್ಥಾವರದಲ್ಲಿ ಎಂಟು ನೂರು ಜನ ಇದ್ದರು, ಈಗ ಮೂವತ್ತೊಂದು. ಐದು ಘಟಕಗಳು ಆಗಲೇ ಗುಜರಿಗೆ ಹೋಗಿವೆ. ಆರನೆಯದನ್ನು ಮಾತ್ರ ಉಳಿಸಿದ್ದಾರೆ, ಓಡಿಸಲು ಅಲ್ಲ, ಕಾಯಲು. ಗಾಳಿ ನಿಂತು, ಮೋಡ ಕವಿದು, ಗಾಳಿಯಂತ್ರಗಳೂ ಸೌರಫಲಕಗಳೂ ಒಟ್ಟಿಗೆ ಕೈಕೊಟ್ಟ ದಿನ ಗ್ರಿಡ್ ಕೇಂದ್ರದಿಂದ ಫೋನ್ ಬರುತ್ತದೆ. ಎರಡು ದಿನದೊಳಗೆ ನಾವು ಕಲ್ಲಿದ್ದಲು ಉರಿಸಿ ಕರೆಂಟ್ ಕೊಡಬೇಕು. ಫೋನ್ ಬರದಿದ್ದರೆ ಎಣ್ಣೆ ಹಾಕಿ, ಧೂಳು ಒರೆಸಿ ಕೂತಿರಬೇಕು. ಮಾರ್ಚ್ 31ಕ್ಕೆ ಅದೂ ಮುಗಿಯುತ್ತದೆ.

'ನಾವೀಗ ಫೈರ್ ಬ್ರಿಗೇಡ್ನೋರು ಕಣೇ ಲಿಂಡೆ,' ಅಂದ ಡೆಟ್ಲೆಫ್. 'ಒಂದೇ ವ್ಯತ್ಯಾಸ, ಅವ್ರು ಬೆಂಕಿ ಆರಿಸ್ತಾರೆ, ನಾವು ಹಚ್ತೀವಿ.'

ಡೆಟ್ಲೆಫ್ ಯೂರಿಷ್ ನನ್ನ ಟರ್ಬೈನ್ ಹಾಲ್‌ನ ಆಳು. ನಾನು ಹದಿನೆಂಟರ ಹುಡುಗಿಯಾಗಿ ಸೇರಿದ ವರ್ಷ, ಬೋಲ್ಟ್ ಬಿಗಿಯಲು ಕಲಿಸಿದವನೇ ಅವನು. ಈಗ ನಾನು ಶಿಫ್ಟ್ ಮುಖ್ಯಸ್ಥೆ, ಅವನು ನನ್ನ ಕೈಕೆಳಗೆ. ಅದಕ್ಕೆ ಬೇಸರವಿಲ್ಲದೆ ಯಜಮಾನಿ ಎಂದು ಕರೆದು ನಗುತ್ತಾನೆ. ಅವನಿಗೆ ಅರವತ್ತನಾಲ್ಕು, ಏಪ್ರಿಲ್‌ಗೆ ಹೇಗೂ ನಿವೃತ್ತಿ. ನನಗೆ ಐವತ್ತೆಂಟು. ನಿವೃತ್ತಿಗೆ ಇನ್ನೂ ಎಂಟು ವರ್ಷ. ಏಪ್ರಿಲ್ ಒಂದರಂದು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ?

ನವೆಂಬರ್ 20, ಗುರುವಾರ

ಪರೀಕ್ಷಾ ಓಟ. ಸಿದ್ಧರಿದ್ದೇವೆ ಎಂದು ವರ್ಷಕ್ಕೊಮ್ಮೆ ಓಡಿಸಿ ತೋರಿಸಬೇಕು. ಹತ್ತು ತಿಂಗಳ ಮೇಲೆ ಚಿಮಣಿಯಲ್ಲಿ ಹೊಗೆ ಕಂಡು ಊರಿನವರು ರಸ್ತೆಯಲ್ಲಿ ನಿಂತು ನೋಡಿದರಂತೆ. ಟರ್ಬೈನ್ ಪೂರ್ತಿ ವೇಗಕ್ಕೆ ಬಂದಾಗ ಡೆಟ್ಲೆಫ್ ತನ್ನ ಹಳೆಯ ಆಟ ಆಡಿದ. ಜೇಬಿನಿಂದ ದೇಶ ಎರಡಾಗಿದ್ದ ಕಾಲದ ಐದು ಮಾರ್ಕಿನ ನಾಣ್ಯ ತೆಗೆದು ಬೇರಿಂಗಿನ ಮುಚ್ಚಳದ ಮೇಲೆ ಅಂಚಿನಲ್ಲಿ ನಿಲ್ಲಿಸಿದ. ಒಳಗೆ ನಿಮಿಷಕ್ಕೆ ಮೂರು ಸಾವಿರ ಸುತ್ತು, ಮೇಲೆ ನಾಣ್ಯ ಅಲುಗದೆ ನಿಂತಿದೆ!

'ಐನೂರು ಮೆಗಾವ್ಯಾಟು, ಒಂದು ಚೂರೂ ನಡುಕ ಇಲ್ಲ. ನೋಡ್ಕೋ ಯಜಮಾನಿ, ಇಂಥದ್ದನ್ನ ಗುಜರಿಗೆ ಹಾಕ್ತಾರಂತೆ.'

ನನಗೆ ಅಳು ಬಂತು. ಕಿವಿಗೆ ಹಾಕುವ ಮಫ್ ಸರಿ ಮಾಡಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದೆ.

ನವೆಂಬರ್ 22, ಶನಿವಾರ

ನಿನ್ನೆ ಯಂತ್ರದ ವೇಗ ಇಳಿಸಿ ನಿಲ್ಲಿಸಿದೆವು. ನಿಲ್ಲಿಸಿದ ಮೇಲೂ ಶಾಫ್ಟು, ಅಂದರೆ ಟರ್ಬೈನಿನ ನಡುವಿನ ಉಕ್ಕಿನ ದಂಡ, ಎರಡು ಮೂರು ದಿನ ಕಾದೇ ಇರುತ್ತದೆ. ಅಷ್ಟು ದಿನ ಅದನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಬಿಸಿಯಾಗಿದ್ದಾಗ ಸುಮ್ಮನೆ ನಿಲ್ಲಿಸಿದರೆ ಅಷ್ಟು ದಪ್ಪದ ಉಕ್ಕೂ ಬಾಗುತ್ತದೆ. ತಿರುಗಿಸುವುದಕ್ಕೆ ಒಂದು ಪುಟ್ಟ ಮೋಟಾರು ಇದೆ, ಅದು ಇವತ್ತು ಬೆಳಿಗ್ಗೆ ಸುಟ್ಟುಹೋಯಿತು. ಬದಲಿ ಮೋಟಾರು ಸೋಮವಾರ.

ಮೊದಲು ಹೀಗಾದರೆ ಟರ್ಬೈನ್ ಹಾಲ್ ತುಂಬ ಜನ ಇರುತ್ತಿದ್ದರು. ಈಗ ಡೆಟ್ಲೆಫ್ ಇದ್ದಾನೆ, ಅವನ ಉದ್ದನೆಯ ಸರಳು ಇದೆ. ಹತ್ತು ನಿಮಿಷಕ್ಕೊಮ್ಮೆ ಸರಳು ಹಾಕಿ ಅರ್ಧ ಸುತ್ತು ಎಳೆಯಬೇಕು, ಹಾಳೆಯಲ್ಲಿ ಸಮಯ ಬರೆದು ಹೆಸರಿನ ಮೊದಲ ಅಕ್ಷರ ಹಾಕಬೇಕು. ಹಾಳೆ ಕಚೇರಿಗೆ. ನಮ್ಮವರಿಗೆ ಇನ್ನೊಂದು ಪದ್ಧತಿ ಇದೆ: ಪ್ರತಿ ಸಲ ಎಳೆದಾಗಲೂ ಕಾಲ ಕೆಳಗಿನ ಕಬ್ಬಿಣದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಬದಲಿಗೆ ಬರುವವನು ಹಾಳೆ ನೋಡುವುದಿಲ್ಲ, ಗೀಟು ಎಣಿಸುತ್ತಾನೆ. ಸಂಜೆ ನಾನು ಹೊರಡುವಾಗ ಹಲಗೆ ಅರ್ಧ ಬೆಳ್ಳಗಾಗಿತ್ತು.

ನವೆಂಬರ್ 23, ಭಾನುವಾರ

ಇದನ್ನು ಸರಿಯಾಗಿ ಬರೆಯಬೇಕು. ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ, ಇಲ್ಲಾದರೂ ಬರೆಯುತ್ತೇನೆ.

ಇವತ್ತು ಸತ್ತವರ ಭಾನುವಾರ. ಚಳಿಗಾಲ ಬಿಗಿಯುವ ಮೊದಲು ಊರೆಲ್ಲ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿಗೆ ಫರ್ ಮರದ ಟೊಂಗೆ ಹೊದಿಸಿ ಬರುವ ದಿನ. ಡೆಟ್ಲೆಫ್‌ನ ಹೆಂಡತಿ ಹೈಡ್ರುನ್ ಹೋಗಿ ನಾಲ್ಕು ವರ್ಷ. ನಮ್ಮದೇ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದವಳು, ನನಗೂ ಗೆಳತಿ. ಬೆಳಿಗ್ಗೆ ಆರರಿಂದ ಸರಳು ಎಳೆದು ಎಳೆದು ಡೆಟ್ಲೆಫ್‌ನ ಮುಖ ಬಿಳಿಚಿಕೊಂಡಿತ್ತು. ಟೊಂಗೆಗಳು ಅವನ ಕಾರಿನಲ್ಲೇ ಇದ್ದವು.

'ಹೋಗ್ಬಾ,' ಅಂದೆ. ಅವನು ಕೇಳಲಿಲ್ಲ, ನಾನೇ ಹೇಳಿದೆ. 'ಒಂದು ಗಂಟೆ ತಾನೇ. ನಾನು ಎಳೀತೀನಿ.'

'ನಿಂಗೆ ಸೊಂಟ ಹಿಡ್ಕೊಳ್ಳುತ್ತೆ.'

'ಹಿಡ್ಕೊಂಡ್ರೆ ನೀನೇ ಬಂದು ಬಿಡಿಸು. ನಡಿ, ಹೈಡ್ರುನ್‌ಗೆ ಚಳಿಯಾಗ್ತಿರತ್ತೆ.'

ಅವನು ಎರಡಕ್ಕೆ ಹತ್ತು ನಿಮಿಷ ಇದ್ದಾಗ ಹೋದ. ಎರಡಕ್ಕೆ ಎಳೆದೆ, ಗೀಟು ಹಾಕಿದೆ. ಎರಡೂ ಹತ್ತಕ್ಕೆ ಎಳೆದೆ, ಗೀಟು ಹಾಕಿದೆ. ಅಷ್ಟರಲ್ಲಿ ಮೇಲೆ ಕಂಟ್ರೋಲ್ ರೂಮಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಗ್ರಿಡ್ ಕೇಂದ್ರವಿರಬಹುದು, ಎತ್ತದೇ ಇರುವ ಹಾಗಿಲ್ಲ. ಓಡಿದೆ. ಗ್ರಿಡ್ ಕೇಂದ್ರವಲ್ಲ, ನಮ್ಮ ವ್ಯವಸ್ಥಾಪಕಿ ಡಾಕ್ಟರ್ ಆಲರ್ಸ್. ಭಾನುವಾರ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ ಎಂದು ಶುರು ಮಾಡಿದರು.

ಸ್ಥಾವರ ಮುಚ್ಚಿದರೂ ಜನರೇಟರನ್ನು ಬಿಚ್ಚುವುದಿಲ್ಲವಂತೆ. ಬಾಯ್ಲರ್ ಇಲ್ಲದೆ, ಹಬೆ ಇಲ್ಲದೆ, ಅದೊಂದನ್ನೇ ಹಗಲೂ ರಾತ್ರಿ ತಿರುಗಲು ಬಿಡುತ್ತಾರಂತೆ. ಕರೆಂಟ್ ಮಾಡಲು ಅಲ್ಲ, ಹಳೆಯ ಭಾರದ ಯಂತ್ರಗಳೆಲ್ಲ ಹೋದ ಮೇಲೆ ಗ್ರಿಡ್ಡು ತೊನೆದಾಡದ ಹಾಗೆ ಹಿಡಿದಿಡಲು. ನೋಡಿಕೊಳ್ಳಲು ಇಬ್ಬರು ಬೇಕು. 'ಮೊದಲನೇ ಹೆಸರು ನಿಮ್ಮದೇ, ಮ್ರೋಸ್ಕ್ ಅವರೇ,' ಅಂದರು. ಇಪ್ಪತ್ತು ನಿಮಿಷ ಮಾತಾಡಿದರು. ಫೋನ್ ಇಟ್ಟ ಮೇಲೆ ನಾನು ಕುರ್ಚಿಯಲ್ಲೇ ಕೂತೆ. ಏಪ್ರಿಲ್ ಒಂದರಂದೂ ಇದೇ ಗೇಟು, ಇದೇ ಮೆಟ್ಟಿಲು. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದು ಎದ್ದು ಹೋದ ಹಾಗಾಯಿತು. ಕಿಟಕಿಯಾಚೆ ನೋಡುತ್ತ ಸುಮ್ಮನೆ ಖುಷಿಪಟ್ಟೆ. ಶಾಫ್ಟು ನೆನಪಾಗಲೇ ಇಲ್ಲ. ನೆನಪಾದಾಗ ಮೂರು ಗಂಟೆ.

ಐವತ್ತು ನಿಮಿಷ. ಕೆಳಗೆ ಓಡಿ ಸರಳು ಎಳೆದರೆ ಬಿಗಿಯಾಗಿತ್ತು. ಎಳೆದೆ. ಒಂದು ಗೀಟು ಹಾಕಿದೆ. ಹಾಳೆಯಲ್ಲಿ ಎರಡರಿಂದ ಮೂರರವರೆಗೆ ಏಳೂ ಸಾಲು ತುಂಬಿದೆ. ಡೆಟ್ಲೆಫ್ ಹೊರಗೆ ಹೋದದ್ದು ಗೊತ್ತಾಗಬಾರದು ಎಂದು ಏಳಕ್ಕೂ ಅವನದೇ ಅಕ್ಷರ ಹಾಕಿದೆ, ಡಿ. ಯೂ. ಎಂದು. ಅವನು ಮೂರೂ ಐದಕ್ಕೆ ಬಂದ, ಕೈಯೆಲ್ಲ ಫರ್ ಮರದ ಅಂಟು. 'ಎಲ್ಲ ಸರಿ ಹೋಯ್ತಾ?' ಅಂತ ಕೇಳಿದ. ಸರಿ ಹೋಯಿತು ಅಂದೆ.

ನವೆಂಬರ್ 24, ಸೋಮವಾರ

ಹೊಸ ಮೋಟಾರು ಬಂತು. ಶಾಫ್ಟಿನ ಬಾಗು ಅಳೆಯುವ ಮುಳ್ಳು ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತಿದೆ. ತಿರುಗುತ್ತಾ ತಿರುಗುತ್ತಾ ಸರಿಯಾಗುವುದುಂಟು. ತಯಾರಕರಿಗೆ ತಿಳಿಸಿ, ಟರ್ಬೈನ್ ಬಿಚ್ಚಿ ನೋಡಬೇಕೆಂದು ನಿಯಮ. ನಾಳೆ ಡಾಕ್ಟರ್ ಆಲರ್ಸ್‌ಗೆ ಹೇಳುತ್ತೇನೆ.

ನವೆಂಬರ್ 25

ಹೇಳಲಿಲ್ಲ. ನಾಳೆ.

ಡಿಸೆಂಬರ್ 6, ಶನಿವಾರ

ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಕೆಲಸದ ಬೂಟಿನೊಳಗೆ ಒಂದು ಚಾಕೊಲೇಟು, ಒಂದು ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಇವತ್ತು ಸಂತ ನಿಕೋಲಸ್ ಮಕ್ಕಳ ಬೂಟಿನಲ್ಲಿ ತಿನಿಸು ಇಟ್ಟು ಹೋಗುವ ದಿನ, ನನಗೂ ಇಟ್ಟು ಹೋಗಿದ್ದಾನೆ. ಪ್ರತಿ ವರ್ಷವೂ ಈ ಸಂತನ ಕೈಯಿಂದ ಟರ್ಬೈನ್ ಎಣ್ಣೆಯ ವಾಸನೆ ಬರುತ್ತದೆ.

'ಒಳ್ಳೆ ಮಕ್ಕಳಿಗೆ ಚಾಕೊಲೇಟು,' ಅಂದ ಡೆಟ್ಲೆಫ್. 'ಸೌತೆಕಾಯಿ ಮಿಕ್ಕಿದ್ದಕ್ಕೆ.'

ಹೊಸ ಕೆಲಸದ ಕಾಗದ ನಿನ್ನೆ ಬಂತು. ಸಹಿ ಹಾಕಿ ಕಳಿಸಿದೆ. ಅವತ್ತಿನ ಅರ್ಧ ಮುಕ್ಕಾಲು ಗಂಟೆಯ ವಿಷಯ ಈಗ ಎತ್ತಿದರೆ ಸುಮ್ಮನೆ ಗೊಂದಲ. ಮುಳ್ಳು ಸ್ವಲ್ಪ ಇಳಿದಿದೆ. ನಮ್ಮನ್ನು ಯಾರು ಕರೆಯುತ್ತಾರೆ? ಎರಡು ವರ್ಷದಲ್ಲಿ ಒಂದು ಸಲವೂ ಕರೆದಿಲ್ಲ. ಮಾರ್ಚ್ ಕಳೆದರೆ ಶಾಫ್ಟು ನೆಟ್ಟಗಿದ್ದರೂ ಗುಜರಿಗೇ, ಸೊಟ್ಟಗಿದ್ದರೂ ಗುಜರಿಗೇ.

ಡಿಸೆಂಬರ್ 24, ಬುಧವಾರ

ಕ್ರಿಸ್ಮಸ್ ಶಿಫ್ಟು ನಾನೇ ಕೇಳಿ ಹಾಕಿಸಿಕೊಂಡೆ. ನನ್ನ ಗಂಡ ಎಕ್‌ಹಾರ್ಡ್ ನನ್ನನ್ನು ಬಿಟ್ಟು ದೇಶದ ಪಶ್ಚಿಮಕ್ಕೆ ಹೋಗಿ ಮೂವತ್ತು ವರ್ಷ ದಾಟಿತು, ಮನೆಯಲ್ಲಿ ಕಾಯುವವರು ಯಾರೂ ಇಲ್ಲ. ಇಲ್ಲೂ ಯಾರೂ ಇಲ್ಲ. ಎಂಟು ಮಹಡಿಯ ಬಾಯ್ಲರು ತಣ್ಣಗೆ ನಿಂತಿದೆ. ನಡೆದರೆ ನನ್ನ ಹೆಜ್ಜೆಯೇ ಹಿಂದಿನಿಂದ ಬರುತ್ತದೆ.

ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿತು. ಈ ಹೊಸ ಲೋಟದ ಹಿಡಿ ಸರಿಯಿಲ್ಲ. ಯಾವುದಕ್ಕೆ ಬದುಕಿದ್ದೇನೋ ಗೊತ್ತಿಲ್ಲ.

ಜನವರಿ 19, ಸೋಮವಾರ

ಐದು ದಿನದಿಂದ ಗಾಳಿ ಒಂದೆಲೆಯನ್ನೂ ಅಲುಗಿಸಿಲ್ಲ. ಮಂಜು ನೆಲಕ್ಕೆ ಕೂತಿದೆ, ಸೂರ್ಯ ಎಲ್ಲಿದ್ದಾನೋ. ದಿಬ್ಬದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಹಾಗೇ ನಿಂತಿವೆ. ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಪಕ್ಕದ ದೇಶದ ಎರಡು ಸ್ಥಾವರ ಕೆಟ್ಟಿವೆ ಎಂದು ರೇಡಿಯೋದಲ್ಲಿ ಬಂತು.

ಡೆಟ್ಲೆಫ್ ಮಗುವಿನ ಹಾಗೆ ಕುಣಿಯುತ್ತಿದ್ದಾನೆ. 'ಕರೀತಾರೆ ನೋಡ್ತಿರು!'

ದೇವರೇ, ಕರೆಯದಿರಲಿ.

ಜನವರಿ 21, ಬುಧವಾರ

ಬೆಳಿಗ್ಗೆ 9.40ಕ್ಕೆ ಕರೆದರು. ಶುಕ್ರವಾರ ಮಧ್ಯಾಹ್ನದೊಳಗೆ ಗ್ರಿಡ್ಡಿಗೆ ಸೇರಬೇಕು. 'ನಿಮ್ಮನ್ನ ಲೆಕ್ಕಕ್ಕೆ ತಗೋಬಹುದಲ್ವಾ?' ಅಂತ ಕೇಳಿತು ಆ ಕಡೆಯ ದನಿ. ತಗೊಳ್ಳಿ ಅಂದೆ.

ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಅವರಿಗೆ ಬೇರೆ ದಾರಿ ಹುಡುಕಲು ಎರಡು ದಿನ ಸಿಗುತ್ತಿತ್ತು. ಮುಳ್ಳು ನೋಡಿ ಬಂದೆ, ನವೆಂಬರಿನಲ್ಲಿ ಇದ್ದದ್ದಕ್ಕಿಂತ ಕಡಿಮೆಯೇ ಇದೆ. ಒಂದೆರಡು ಸಲ ಎಳೆಯುವುದು ತಪ್ಪಿದ ಮಾತ್ರಕ್ಕೆ ಇಷ್ಟು ದೊಡ್ಡ ಶಾಫ್ಟಿಗೆ ಏನೂ ಆಗುವುದಿಲ್ಲ.

ಜನವರಿ 22, ಗುರುವಾರ

ಬೆಂಕಿ ಹಚ್ಚಿದೆವು. ಮಧ್ಯಾಹ್ನ ಗೇಟಿನ ಹೊರಗೆ ಊರಿನವರು ಥರ್ಮಾಸಿನಲ್ಲಿ ಸೂಪು ತಂದುಕೊಟ್ಟರು. ಬೇಕರಿಯ ಕೂಬಿಟ್ಸಮ್ಮ ಎರಡು ತಟ್ಟೆ ಬಿಸಿ ಬನ್ನು ಕಳಿಸಿದಳು. ನಾಳೆ ಶಿಶುವಿಹಾರದಲ್ಲಿ ಹಕ್ಕಿಗಳ ಮದುವೆಯ ಹಬ್ಬ, ಮಕ್ಕಳೆಲ್ಲ ರೆಕ್ಕೆ ಕಟ್ಟಿಕೊಂಡು ಮದುಮಕ್ಕಳಾಗುವ ಸಂಜೆ. 'ನಮ್ಮ ಹಕ್ಕಿಗಳಿಗೆ ಬೆಳಕು ಕೊಡ್ರಪ್ಪಾ,' ಎಂದು ಚೀಟಿ ಇಟ್ಟಿದ್ದಳು. ನನ್ನ ಪಾಲಿನ ಬನ್ನನ್ನು ಬಾಯ್ಲರಿನವರಿಗೆ ಕೊಟ್ಟೆ.

ಜನವರಿ 23, ಶುಕ್ರವಾರ

ಎಲ್ಲ ಮುಗಿಯಿತು.

ಹನ್ನೊಂದಕ್ಕೆ ಟರ್ಬೈನಿಗೆ ಹಬೆ ಬಿಟ್ಟೆವು. ನಿಮಿಷಕ್ಕೆ ಸಾವಿರದ ಇನ್ನೂರು ಸುತ್ತು ಮುಟ್ಟುವಷ್ಟರಲ್ಲಿ ಅದುರಾಟ ಏರಿತು, ಯಂತ್ರ ತಾನೇ ನಿಂತುಬಿಟ್ಟಿತು. ಎರಡನೆಯ ಸಲವೂ ಹಾಗೇ. ಡಾಕ್ಟರ್ ಆಲರ್ಸ್ ನನ್ನ ಪಕ್ಕದಲ್ಲಿ ನಿಂತಿದ್ದರು, ತುಟಿ ಬೆಳ್ಳಗಾಗಿತ್ತು.

'ಇನ್ನೊಂದು ಸಲ ನೋಡೋಕಾಗುತ್ತಾ?'

ಆಗುವುದಿಲ್ಲ, ಶಾಫ್ಟು ಬಾಗಿದೆ, ಬಾಗಿದ್ದು ಯಾವತ್ತು ಅಂತಲೂ ನನಗೆ ಗೊತ್ತು. ಇದು ನಾಲಿಗೆಯ ತುದಿಯಲ್ಲಿತ್ತು. 'ನೋಡೋಣ,' ಅಂದೆ.

ಮೂರನೆಯ ಸಲ ಕಾಲ ಕೆಳಗಿನ ನೆಲವೇ ಅದುರಿತು. ಡೆಟ್ಲೆಫ್ ಬೇರಿಂಗಿನ ಪಕ್ಕ ನಿಂತಿದ್ದ. ನಾಣ್ಯ ಕೈಯಲ್ಲೇ ಇತ್ತು. ನಿಲ್ಲಿಸಲು ಹೋಗಲಿಲ್ಲ, ಮುಷ್ಟಿ ಬಿಗಿದುಕೊಂಡು ಸುಮ್ಮನೆ ನೋಡುತ್ತಿದ್ದ. ಆಮೇಲೆ ಲೋಹ ಲೋಹಕ್ಕೆ ಉಜ್ಜಿದ ಸದ್ದು. ಆ ಸದ್ದು ಕೇಳಿದ ಮೇಲೆ ನಾಲ್ಕನೆಯ ಸಲ ಅನ್ನುವುದೇ ಇಲ್ಲ.

ಗ್ರಿಡ್ ಕೇಂದ್ರ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಸಂಜೆ ಐದರಿಂದ ಪ್ರದೇಶ ಪ್ರದೇಶವಾಗಿ ಒಂದೂವರೆ ಗಂಟೆಯಂತೆ ಕರೆಂಟ್ ತೆಗೆದರು, ಇಡೀ ನಾಡು ಒಟ್ಟಿಗೆ ಬೀಳದಿರಲಿ ಎಂದು. ಐದೂವರೆಗೆ ನಮ್ಮ ಊರಿನ ಸರದಿ. ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಕಿಟಕಿಗಳಲ್ಲಿ ಇನ್ನೂ ಇಟ್ಟಿದ್ದ ಕ್ರಿಸ್ಮಸ್ ದೀಪಗಳು, ಬೀದಿದೀಪಗಳು, ಶಿಶುವಿಹಾರ, ಎಲ್ಲ ಒಂದೇ ಸಲಕ್ಕೆ ಹೋದವು. ಸ್ವಲ್ಪ ಹೊತ್ತಿಗೆ ಜನ ಟಾರ್ಚು ಹಿಡಿದು ಗೇಟಿನ ತನಕ ಬಂದರು. ಬೈಯಲಿಲ್ಲ. ತಲೆ ಎತ್ತಿ ಚಿಮಣಿ ನೋಡುತ್ತ ನಿಂತರು. ರೆಕ್ಕೆ ಕಟ್ಟಿಕೊಂಡಿದ್ದ ಒಂದು ಮಗು ಅವರ ನಡುವೆ ಇತ್ತು.

ಜನವರಿ 24

ಶಿಶುವಿಹಾರದ ಕತ್ತಲ ಮೆಟ್ಟಿಲಲ್ಲಿ ಕೂಬಿಟ್ಸಮ್ಮ ಕೇಕಿನ ತಟ್ಟೆ ಸಮೇತ ಬಿದ್ದಳಂತೆ. ತೊಡೆಯ ಮೂಳೆ ಮುರಿದಿದೆ.

ಫೆಬ್ರವರಿ 3, ಮಂಗಳವಾರ

ಬೇಕರಿಯಲ್ಲಿ ಈಗ ಅವಳ ತಂಗಿ ನಿಲ್ಲುತ್ತಾಳೆ. ನಾನು ಹೋದ ತಕ್ಷಣ ಮಾತು ನಿಂತಿತು.

'ನಲವತ್ತು ವರ್ಷ ನಾವು ಒಣಗಿಸಿದ ಬಟ್ಟೆ ಮೇಲೆ ಬೂದಿ ಸುರಿಸಿದ್ರಿ,' ಅಂದಳು, ಬ್ರೆಡ್ಡು ಕಟ್ಟುತ್ತಲೇ. 'ಸುಮ್ಮನೆ ಒದರಿ ಹಾಕ್ಕೊಂಡ್ವಿ. ಬೇಕಾದಾಗ ಒಂದು ದಿನ, ಒಂದೇ ದಿನ ದೀಪ ಹಚ್ಚೋಕಾಗಲಿಲ್ಲವೇನ್ರೀ ನಿಮ್ಮ ಕೈಲಿ?'

ಬ್ರೆಡ್ಡು ತೆಗೆದುಕೊಂಡು ಬಂದೆ. ಬಾಗಿಲ ಬೀಗಕ್ಕೆ ಕೀಲಿ ಹೋಗಲು ಹತ್ತು ನಿಮಿಷ ಹಿಡಿಯಿತು. ಚಳಿಗೆ ಬೀಗ ಕೆಟ್ಟಿದೆ.

ಟರ್ಬೈನಿನ ಮೇಲಿನ ಮುಚ್ಚಳ ಬಿಚ್ಚುತ್ತಿದ್ದಾರೆ. ಬರ್ಲಿನ್ನಿನಿಂದ ತಜ್ಞನೊಬ್ಬ ಬಂದಿದ್ದಾನೆ. ರಾತ್ರಿ ನಿದ್ದೆ ಇಲ್ಲ, ಹಗಲು ಎಚ್ಚರ ಇಲ್ಲ. ಸತ್ತರೆ ಸಾಕು ಅನ್ನಿಸುತ್ತದೆ, ಆಮೇಲೆ ಎದ್ದು ಆಲೂಗಡ್ಡೆ ಬೇಯಿಸುತ್ತೇನೆ.

ಫೆಬ್ರವರಿ 17, ಮಂಗಳವಾರ

ವಿಚಾರಣೆ. ಉದ್ದನೆಯ ಮೇಜು, ಒಂದು ಕಡೆ ತಜ್ಞ ಮತ್ತು ಡಾಕ್ಟರ್ ಆಲರ್ಸ್, ಇನ್ನೊಂದು ಕಡೆ ನಾನು ಮತ್ತು ಡೆಟ್ಲೆಫ್. ಬಿಸಿಯಿದ್ದಾಗ ಮುಕ್ಕಾಲು ಗಂಟೆಗೂ ಹೆಚ್ಚು ನಿಂತದ್ದಕ್ಕೇ ಶಾಫ್ಟು ಬಾಗಿದೆ, ಬಾಗಿದ್ದನ್ನು ಓಡಿಸಿದ್ದಕ್ಕೆ ಟರ್ಬೈನ್ ಉಜ್ಜಿ ಹಾಳಾಗಿದೆ, ಜನರೇಟರಿಗೆ ಏನೂ ಆಗಿಲ್ಲ ಎಂದ ತಜ್ಞ. ಮೋಟಾರು ಇಲ್ಲದೆ ಕೈಯಲ್ಲಿ ತಿರುಗಿಸಿದ್ದು ನವೆಂಬರಿನ ಆ ಎರಡು ದಿನ ಮಾತ್ರ. ಭಾನುವಾರದ ಹಾಳೆಯನ್ನೂ ಗೇಟಿನ ದಾಖಲೆಯನ್ನೂ ಪಕ್ಕಪಕ್ಕ ಇಟ್ಟ.

'ಯೂರಿಷ್ ಅವರೇ, ಎರಡರಿಂದ ಮೂರರವರೆಗೆ ಎಲ್ಲಿದ್ರಿ?'

'ಗೇಟಿನ ಚೀಟಿ ನಿಮ್ಮ ಕೈಲೇ ಇದೆಯಲ್ಲ. ಸ್ಮಶಾನದಲ್ಲಿದ್ದೆ.'

'ಹಾಗಾದ್ರೆ ಈ ಏಳು ಸಹಿ?'

ಡೆಟ್ಲೆಫ್ ಕನ್ನಡಕ ಹಾಕಿಕೊಂಡು ಹಾಳೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ನನ್ನನ್ನು ಒಂದು ಸಲ ನೋಡಿದ.

'ನಂದೇ. ವಾಪಸ್ ಬಂದ್ಮೇಲೆ ಒಟ್ಟಿಗೆ ಹಾಕ್ದೆ.'

'ಶಿಫ್ಟ್ ಮುಖ್ಯಸ್ಥರಿಗೆ ಹೇಳಿ ಹೋಗಿದ್ರಾ?'

'ಇಲ್ಲ. ಕದ್ದು ಹೋದೆ.'

ಡಾಕ್ಟರ್ ಆಲರ್ಸ್ ನನ್ನ ಕಡೆ ತಿರುಗಿದರು. 'ಮ್ರೋಸ್ಕ್ ಅವರೇ, ಆಗ ನೀವು?'

'ಕಂಟ್ರೋಲ್ ರೂಮಿನಲ್ಲಿ. ನಿಮ್ಮ ಜೊತೇನೇ ಫೋನಲ್ಲಿ ಮಾತಾಡ್ತಿದ್ದೆ.'

'ಹೌದು, ನಂಗೆ ನೆನಪಿದೆ,' ಅಂದರು ಅವರು, ಬರೆದುಕೊಂಡರು.

ನಾನು ಒಂದಕ್ಷರವೂ ಸುಳ್ಳು ಹೇಳಲಿಲ್ಲ. ಡೆಟ್ಲೆಫ್‌ನ ಗುರುತಿನ ಕಾರ್ಡು ಅಲ್ಲೇ ತೆಗೆದುಕೊಂಡರು. ಬಟ್ಟೆಯ ಪೆಟ್ಟಿಗೆ ಖಾಲಿ ಮಾಡಲು ಕಾವಲಿನವನೊಬ್ಬ ಜೊತೆಗೆ ಹೋದ. ನಲವತ್ತನಾಲ್ಕು ವರ್ಷ ದುಡಿದವನು, ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿದೆ.

ಫೆಬ್ರವರಿ 18

ಅವನು ಹೇಗೂ ಏಪ್ರಿಲ್‌ಗೆ ನಿವೃತ್ತ. ನನಗೆ ಎಂಟು ವರ್ಷ ಇದೆ. ಅವನಿಗೂ ಅದು ಗೊತ್ತು, ಅದಕ್ಕೇ ಹಾಗೆ ಹೇಳಿದ. ಈಗ ನಾನು ಬಾಯಿ ಬಿಟ್ಟರೆ ಅವನು ಮಾಡಿದ್ದಕ್ಕೂ ಬೆಲೆ ಇರುವುದಿಲ್ಲ.

ಮಾರ್ಚ್ 2, ಸೋಮವಾರ

ಡೆಟ್ಲೆಫ್‌ನ ತೋಟದ ಬಾಗಿಲ ಮೇಲೆ ಯಾರೋ ಇದ್ದಲಿನಲ್ಲಿ 'ದೀಪ ಆರಿಸಿದವನು' ಎಂದು ಬರೆದಿದ್ದಾರೆ. ಬಸ್ಸಿನಿಂದ ಕಂಡಿತು. ಅವನು ಬಕೀಟು ಇಟ್ಟುಕೊಂಡು ಉಜ್ಜುತ್ತಿದ್ದ. ಇಳಿಯಬೇಕೆಂದುಕೊಂಡೆ, ಬಾಗಿಲು ಮುಚ್ಚಿಬಿಟ್ಟಿತು.

ಜನರಿಗೆ ಕರುಣೆ ಇಲ್ಲ. ಹೆಂಡತಿಯ ಸಮಾಧಿಗೆ ಹೋದ ಮನುಷ್ಯ ಅವನು, ಕುಡಿಯಲು ಹೋದವನಲ್ಲ. ಆದರೂ ಕೆಲಸದ ಹೊತ್ತಿನಲ್ಲಿ ಹೋಗಬಾರದಿತ್ತು. ಅವನು ಹೋಗದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅದನ್ನೂ ಹೇಳಲೇಬೇಕು.

ಮಾರ್ಚ್ 31, ಮಂಗಳವಾರ

ಮುಚ್ಚಿದರು. ವಾದ್ಯ ಇತ್ತು, ಸಾಸೇಜು ಸುಟ್ಟಿದ್ದರು, ಮಂತ್ರಿಯ ಬದಲಿಗೆ ಬಂದ ಯಾರೋ ಒಬ್ಬರು ನಮ್ಮ ತ್ಯಾಗದ ಬಗ್ಗೆ ಮಾತಾಡಿದರು. ಎಲ್ಲರಿಗೂ ಒಂದೊಂದು ಗಣಿದೀಪ ಕೊಟ್ಟರು, ಮೂವತ್ತು ದೀಪ. ಕೊನೆಯ ಗುಂಡಿ ಒತ್ತಲು ನನ್ನನ್ನು ಕರೆದರು. ಯಂತ್ರ ಎರಡು ತಿಂಗಳಿಂದ ಸತ್ತೇ ಇದೆ, ಗುಂಡಿಗೆ ತಂತಿಯೇ ಇರಲಿಲ್ಲ. ಒತ್ತಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು.

'ಡೆಟ್ಲೆಫ್ ಇರ್ಬೇಕಿತ್ತು,' ಅಂದ ಬಾಯ್ಲರಿನ ಮುದುಕನೊಬ್ಬ.

'ಅವನೇ ಮಾಡ್ಕೊಂಡಿದ್ದು,' ಅಂದೆ. ಸ್ವಲ್ಪ ಒರಟಾಗಿ ಬಂತೇನೋ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ತಲೆನೋವಿತ್ತು.

ಏಪ್ರಿಲ್ 4, ಶನಿವಾರ

ನಾಳೆ ಈಸ್ಟರ್. ಮಧ್ಯಾಹ್ನ ಆಲೂಗಡ್ಡೆ, ಮೊಸರುಗಿಣ್ಣು, ಅಗಸೆ ಎಣ್ಣೆ ಹಾಕಿಕೊಂಡು ಊಟಕ್ಕೆ ಕೂತಿದ್ದೆ. ಬಾಗಿಲ ಗಂಟೆ ಸದ್ದಾಯಿತು. ಡೆಟ್ಲೆಫ್. ತುಂಬ ಇಳಿದಿದ್ದಾನೆ, ಕೋಟು ಮೊಳೆಗೆ ನೇತುಹಾಕಿದ ಹಾಗಿತ್ತು. ಒಳಗೆ ಬಾ ಅಂದೆ. ಬರಲಿಲ್ಲ, ಬಾಗಿಲಲ್ಲೇ ನಿಂತ. ಈ ಊರಿನಲ್ಲಿ ಇನ್ನು ಇರೋಕಾಗಲ್ಲ, ಡ್ರೆಸ್ಡೆನ್ನಿನಲ್ಲಿ ಅಕ್ಕನ ಹತ್ತಿರ ಹೋಗುತ್ತೇನೆ ಅಂದ.

'ಹೈಡ್ರುನ್‌ನ ಒಬ್ಬಳನ್ನೇ ಬಿಟ್ಟು ಹೋಗ್ಬೇಕಲ್ಲ ಅಂತ, ಅಷ್ಟೇ. ನವೆಂಬರಲ್ಲಿ ಎರಡು ಟೊಂಗೆ ನೀನು ಹಾಕ್ತೀಯಾ?'

'ಹಾಕ್ತೀನಿ.'

ಜೇಬಿನಿಂದ ಆ ಐದು ಮಾರ್ಕಿನ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟ. 'ನಿನ್ನ ಹೊಸ ಯಂತ್ರದ ಮೇಲೆ ನಿಲ್ಲಿಸಿ ನೋಡು. ಹಬೆ ಇಲ್ಲ, ಬೆಂಕಿ ಇಲ್ಲ, ಚೆನ್ನಾಗಿ ನಿಲ್ಲುತ್ತೆ.' ಹೋಗಲು ತಿರುಗಿದವನು ನಿಂತ. 'ಲಿಂಡೆ, ಅವತ್ತು ಹಲಗೆ ಮೇಲೆ ನಾನಿಲ್ದಿದ್ದಾಗ ಏಳು ಗೀಟು ಇರ್ಬೇಕಿತ್ತು. ಮೂರಿತ್ತು. ಬಾಕಿ ನಾಲ್ಕು ಗೀಟನ್ನ ನಾನೇ ಹಾಕ್ದೆ. ನೀನು ಹೇಳ್ತೀಯ ಅಂತ ಕಾದೆ. ಮಾರನೇ ದಿನ ಕಾದೆ. ಗ್ರಿಡ್‌ನೋರು ಕರೆದ ದಿನಾನೂ ಕಾದೆ. ನಾನಾದ್ರೂ ಬಾಯಿ ಬಿಡ್ಬೇಕಿತ್ತು, ಬಿಡಲಿಲ್ಲ. ಆ ಕೂಬಿಟ್ಸಮ್ಮನ ಕಾಲು ಮುರಿದಿದ್ದು ನನ್ನಿಂದಾನೂ ಹೌದು. ನನ್ನ ಕ್ಷಮಿಸಿಬಿಡು.'

ಕ್ಷಮೆ ಕೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಗೀಟು, ಏಳು, ಮೂರು, ಅದೆಲ್ಲ ಯಾಕೆ ಎತ್ತಿದನೋ ನನಗೆ ಅರ್ಥವಾಗಲಿಲ್ಲ. ವಯಸ್ಸಾಯಿತು, ಒಬ್ಬನೇ ಕೂತು ಕೂತು ಮನಸ್ಸಿಗೆ ಏನೇನೋ ಹೊಳೆಯುತ್ತದೆ. ಭುಜ ತಟ್ಟಿದೆ.

'ಬಿಡೋ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ.'

ಅವನು ನನ್ನನ್ನು ನೋಡಿದ. ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ನಾನು ಮುಖ್ಯಸ್ಥೆಯಾದ ಮೇಲೆ ಮೊದಲ ಸಲ ಯಜಮಾನಿ ಅನ್ನದೆ ಹೋದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಸ್ಥಾವರದ ಹೆಸರು ಹೋಯಿತು, ಊರು ಕತ್ತಲಲ್ಲಿ ಕೂತಿತು, ಆದರೂ ನಾನು ಅವನನ್ನು ನಿಜವಾಗಿ ಕ್ಷಮಿಸಿದ್ದೇನೆ. ಅಷ್ಟಾದರೂ ಮಾಡಬೇಕಲ್ಲ, ಹಳೆಯ ಸ್ನೇಹಿತ.

ಸೋಮವಾರದ ಈಸ್ಟರ್ ರಜೆ ಕಳೆದರೆ ಹೊಸ ಕೆಲಸ. ಊಟದ ತಟ್ಟೆ ಸರಿಸಿ, ನಾಣ್ಯವನ್ನು ಅಡುಗೆಮನೆಯ ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಲು ನೋಡಿದೆ. ನಿಲ್ಲಲಿಲ್ಲ. ನಾಲ್ಕು ಸಲ ನೋಡಿದೆ, ಎರಡೂ ಮೊಣಕೈ ಊರಿ ನೋಡಿದೆ. ಈ ಮೇಜಿನ ಕಾಲು ಸರಿಯಿಲ್ಲ, ಯಾರನ್ನಾದರೂ ಕರೆಸಿ ತೋರಿಸಬೇಕು.